ಗಿಣಿ ಸಾರ್ ಮೂಗಿನೊಳಗೆ ಸಿಕ್ಕಿಕೊಂಡ ಮಧ್ಯಾಹ್ನ

ಚೇಸಿಂಗ್ ಸೀನ್ ಹೇಗಿರಬೇಕು ಎಂದು ನನಗೆ ಹಾಲುಹಲ್ಲು ಇದ್ದಾಗಿನಿಂದ ಗೊತ್ತು. ಟೈರು ಕಿರುಚಬೇಕು, ಹಣ್ಣಿನ ಗಾಡಿ ಮಗುಚಬೇಕು, ಹೀರೋ ಒಂದು ಕೈಯಲ್ಲಿ ಸ್ಟೀರಿಂಗ್ ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಕೂದಲು ಸರಿಮಾಡಿಕೊಳ್ಳಬೇಕು. ಕಳೆದ ಗುರುವಾರ ನನ್ನ ಬದುಕಿನಲ್ಲೂ ಅಂಥದ್ದೊಂದು ಸೀನ್ ಬಂತು. ಎಲ್ಲವೂ ಇತ್ತು. ಗಡಿಯಾರದ ಜೊತೆ ಪಂದ್ಯ, ಪಕ್ಕದ ಸೀಟಿನಲ್ಲಿ ಹಲ್ಲು ಕಚ್ಚಿಕೊಂಡು ಕೂತ ನಾಯಕಿ, ಹೊಚ್ಚಹೊಸ ಎಲೆಕ್ಟ್ರಿಕ್ ಕಾರು. ಒಂದೇ ಒಂದು ಕೊರತೆ. ಕಾರು ಗಂಟೆಗೆ ಇಪ್ಪತ್ತು ಕಿಲೋಮೀಟರಿಗಿಂತ ಜೋರಾಗಿ ಹೋಗಲು ಸುತರಾಂ ಒಪ್ಪಲಿಲ್ಲ.

ನಾಯಕಿ ಎಂದರೆ ನನ್ನ ಸೋದರತ್ತೆ. ಅವತ್ತಿಗೆ ವಯಸ್ಸು ಅರವತ್ತಕ್ಕೆ ಒಂದು ದಿನ ಕಡಿಮೆ. ಇಪ್ಪತ್ತಾರು ವರ್ಷದಿಂದ ಸಿಟಿ ಬಸ್ ಓಡಿಸುತ್ತಿದ್ದಳು. ಆ ಗುರುವಾರ ಸಂಜೆ ನಾಲ್ಕು ಹತ್ತರ ಬಸ್ಸೇ ಅವಳ ಕಟ್ಟಕಡೆಯ ಟ್ರಿಪ್. ಮಾರನೇ ದಿನ ಬೆಳಗಾದರೆ ನಿವೃತ್ತಿ. ಆಮೇಲೆ ಆ ದೊಡ್ಡ ಸ್ಟೀರಿಂಗನ್ನು ಮುಟ್ಟಲೂ ಬಿಡುವುದಿಲ್ಲ. ಡಿಪೋದ ನಿಯಮ ಖಡಕ್ಕು. ಮೂರು ಐವತ್ತರೊಳಗೆ ರಿಜಿಸ್ಟರಿಗೆ ಸಹಿ ಬೀಳಬೇಕು. ಇಲ್ಲದಿದ್ದರೆ ಕೀ ಮೀಸಲು ಡ್ರೈವರ್ ಕೈಗೆ ಹೋಗುತ್ತದೆ. ಅತ್ತೆ ಇಪ್ಪತ್ತಾರು ವರ್ಷದಲ್ಲಿ ಒಂದು ನಿಮಿಷವೂ ತಡವಾಗಿ ಹೋದವಳಲ್ಲ.

ಎಂದಿನಂತೆ ಎರಡು ಮುಕ್ಕಾಲಿಗೆ ಮೂವತ್ತೊಂದನೇ ನಂಬರ್ ಬಸ್ ಹತ್ತಿದ್ದರೆ ಆರಾಮಾಗಿ ತಲುಪುತ್ತಿದ್ದಳು. ಕೆಡಿಸಿದವನು ನಾನು.

"ಕೊನೇ ದಿನ ಅತ್ತೆ! ಬಸ್ ಓಡ್ಸೋಕೆ ಬಸ್ಸಲ್ಲೇ ಹೋಗ್ತೀಯಾ? ಕಾರಲ್ಲಿ ಬಿಡ್ತೀನಿ. ಡಿಪೋ ಗೇಟಲ್ಲಿ ಹೀರೋಯಿನ್ ಎಂಟ್ರಿ. ಡೋರು ತೆಗೀತೀನಿ, ನೀನು ಕಾಲು ಕೆಳಗಿಡ್ತೀಯ, ಗಾಳಿ ಬೀಸುತ್ತೆ..."

"ಗಾಳಿ ಬೀಸಿದ್ರೆ ಟೋಪಿ ಹಾರೋಗುತ್ತೆ. ಎಷ್ಟು ಹೊತ್ತಾಗುತ್ತೆ ಹೇಳು."

"ಹನ್ನೆರಡು ಕಿಲೋಮೀಟರ್. ಇಪ್ಪತ್ತೇ ನಿಮಿಷ. ಮೂರೂಕಾಲಿಗೆ ನಮ್ಮ ಸರ್ವೀಸ್ ಸೆಂಟರ್ ಹತ್ರ ಬಾ. ಈ ಕೈಗೆ ಸ್ಟೀರಿಂಗ್ ಸಿಕ್ರೆ ಗಡಿಯಾರಾನೇ ನಿಂತು ಸಲಾಂ ಹೊಡಿಯುತ್ತೆ!"

ಇದಕ್ಕೇ ನನಗೆ ಎಲ್ಲರೂ 'ಡೈಲಾಗ್' ಎಂದು ಹೆಸರಿಟ್ಟಿರುವುದು.

ನನ್ನ ಕೆಲಸ ಎಲೆಕ್ಟ್ರಿಕ್ ಕಾರುಗಳ ಸರ್ವೀಸ್ ಸೆಂಟರಿನಲ್ಲಿ. ಸ್ಪ್ಯಾನರ್ ಹಿಡಿಯುವವನಲ್ಲ, ಲ್ಯಾಪ್‌ಟಾಪ್ ಹಿಡಿಯುವವನು. ಕಾರಿಗೆ ನೆಟ್‌ವರ್ಕ್ ಸಿಗದಿದ್ದರೆ, ಮ್ಯಾಪು ದಾರಿ ತಪ್ಪಿಸಿದರೆ, ಅದನ್ನು ನನ್ನ ಮುಂದೆ ತಂದು ನಿಲ್ಲಿಸುತ್ತಾರೆ. ಆ ದಿನ ಬಂದಿದ್ದ ಬಿಳೀ ಕಾರಿನ ದೂರು ಅದೇ. ನೆಟ್‌ವರ್ಕ್ ಬರುತ್ತದೆ, ಹೋಗುತ್ತದೆ. ಬೆಳಿಗ್ಗೆ ಏನೋ ರಿಪೇರಿ ಮಾಡಿದೆ. ಜಾಬ್ ಕಾರ್ಡಿನಲ್ಲಿ 'ಒಂದು ಗಂಟೆ ಟೆಸ್ಟ್ ಡ್ರೈವ್' ಎಂದು ಬರೆದಿತ್ತು. ಯಾವ ಕಡೆಗೆ ಎಂದು ಬರೆದಿರಲಿಲ್ಲ.

ಮೂರೂಕಾಲಿಗೆ ಸರಿಯಾಗಿ ಅತ್ತೆ ಬಂದಳು. ಇಸ್ತ್ರಿ ಮಾಡಿದ ನೀಲಿ ಯೂನಿಫಾರ್ಮ್, ಎದೆಯ ಮೇಲೆ ಬಿಲ್ಲೆ, ಪಾಲಿಶ್ ಹೊಡೆದ ಕಪ್ಪು ಶೂ. ಕಾರನ್ನು ಒಂದು ಸುತ್ತು ಹಾಕಿ ನಾಲ್ಕೂ ಟೈರಿಗೆ ಒಂದೊಂದು ಒದೆ ಕೊಟ್ಟಳು. ಬಸ್ ಹತ್ತುವ ಮುಂಚೆ ಅವಳು ಮಾಡುವುದೇ ಹಾಗೆ. ಆಮೇಲೆ ಒಳಗೆ ಕೂತು ಬೆಲ್ಟ್ ಹಾಕಿಕೊಂಡು, "ರೈಟ್!" ಎಂದಳು.

ಹೊರಟೆವು.

ಸರ್ವೀಸ್ ಸೆಂಟರಿನ ಗೇಟು ದಾಟಿ ಮುಖ್ಯರಸ್ತೆಗೆ ಬಂದು ಕಾಲು ಒತ್ತಿದೆ. ಮುಳ್ಳು ಇಪ್ಪತ್ತಕ್ಕೆ ಬಂದು ನಿಂತಿತು. ಇನ್ನೂ ಒತ್ತಿದೆ. ಇಪ್ಪತ್ತು. ಕಾರಿನೊಳಗಿನ ಹೆಣ್ಣುದನಿ ಜೇನಿನಂತೆ ನುಡಿಯಿತು: "ನೀವು ಆವರಣದೊಳಗಿದ್ದೀರಿ. ವೇಗದ ಮಿತಿ ಇಪ್ಪತ್ತು."

"ಯಾವ ಆವರಣ?" ಎಂದಳು ಅತ್ತೆ.

"ಸರ್ವೀಸ್ ಸೆಂಟರ್ ಆವರಣ. ರಿಪೇರಿಗೆ ಬಂದ ಕಾರು ಅಂಗಳದಲ್ಲಿ ಜೋರಾಗಿ ಓಡಬಾರ್ದು ಅಂತ ಮ್ಯಾಪಲ್ಲಿ ಒಂದು ಗಡಿ ಎಳೆದಿರ್ತೀವಿ. ಅದರೊಳಗೆ ಇಪ್ಪತ್ತು ಮೀರಲ್ಲ. ಆಚೆ ಬಂದ್ರೆ ಸರಿಹೋಗುತ್ತೆ."

"ಆಚೆ ಬಂದಾಯ್ತಲ್ಲೋ!"

"ಅದಕ್ಕಿನ್ನೂ ಗೊತ್ತಾಗಿಲ್ಲ. ನೂರು ಮೀಟರ್, ಆಮೇಲೆ ನೋಡ್ತಿರು."

ನೂರು ಮೀಟರ್ ಆಯಿತು. ಒಂದು ಕಿಲೋಮೀಟರ್ ಆಯಿತು. ಪರದೆಯ ಮೇಲೆ ಮ್ಯಾಪ್ ಇರಬೇಕಾದ ಜಾಗದಲ್ಲಿ ಬೂದಿ ಬಣ್ಣ. ಅದರ ನಡುವೆ ನಮ್ಮದೊಂದು ಬಾಣ, ಮರುಭೂಮಿಯಲ್ಲಿ ಕಳೆದುಹೋದ ಇರುವೆಯಂತೆ. ನೆಟ್‌ವರ್ಕ್ ಗುರುತಿನ ಮೇಲೆ ಅಡ್ಡಗೆರೆ. ಬೆಳಿಗ್ಗೆ ನಾನು ಮಾಡಿದ ರಿಪೇರಿಯ ಬಣ್ಣ ಬಯಲಾಗಿತ್ತು.

ಬೆನ್ನಿಗೆ ಏಣಿ ಕಟ್ಟಿಕೊಂಡ ಸೈಕಲ್ಲಿನವನು ನಮ್ಮನ್ನು ಹಿಂದೆ ಹಾಕಿದ. ಹಾಕುವಾಗ ಕಿಟಕಿಯೊಳಗೆ ಬಗ್ಗಿ ನೋಡಿ, "ಬ್ಯಾಟ್ರಿ ಡೌನಾ ಅಣ್ಣಾ? ತಳ್ಳಬೇಕಾ?" ಎಂದ.

"ಎಂಬತ್ತು ಪರ್ಸೆಂಟ್ ಇದೆ ಹೋಗಯ್ಯಾ!"

"ಹಾಗಾದ್ರೆ ಡ್ರೈವರ್ ಡೌನು," ಎಂದು ನಗುತ್ತ ಹೋದ. ಅತ್ತೆಯೂ ನಕ್ಕಳು. ಮರುಕ್ಷಣ ಗಡಿಯಾರ ನೋಡಿ ನಗು ನಿಲ್ಲಿಸಿದಳು.

ಕಾರು ಆಫ್ ಮಾಡಿ ಆನ್ ಮಾಡಿದೆ. ಎರಡು ಸಲ. ನನ್ನ ಫೋನಿನಿಂದ ನೆಟ್ ಕೊಟ್ಟು ನೋಡಿದೆ. ಕಂಪನಿಯ ಸಿಮ್ಮಿನಿಂದ ಬಂದ ಮಾತನ್ನು ಬಿಟ್ಟು ಬೇರೆ ಯಾರ ಮಾತನ್ನೂ ಕೇಳುವುದಿಲ್ಲ ಎಂದು ಕಾರು ಮುಖ ತಿರುಗಿಸಿತು.

"ಇಳಿ, ನಾನು ಓಡಿಸ್ತೀನಿ," ಎಂದಳು ಅತ್ತೆ.

"ನೀನು ಒತ್ತಿದ್ರೂ ಇಪ್ಪತ್ತೇ ಅತ್ತೆ. ಇದಕ್ಕೆ ಅನುಭವ ಗಿನುಭವ ಲೆಕ್ಕಕ್ಕಿಲ್ಲ."

ಮೂರು ಇಪ್ಪತ್ತೈದು. ಒಂದು ದೊಡ್ಡ ವೃತ್ತ ದಾಟುತ್ತಿದ್ದಂತೆ ಇದ್ದಕ್ಕಿದ್ದಂತೆ ಕಾರು ಜಿಗಿಯಿತು! ಮೂವತ್ತು, ನಲವತ್ತು, ಐವತ್ತು! ನನ್ನ ಬೆನ್ನು ಸೀಟಿಗೆ ಅಂಟಿತು. "ಬಂತು ನೋಡು ಅತ್ತೆ! ಸಿಂಹ ಎದ್ದಿದೆ! ಇನ್ನು ಕಾಡೇ..." ಎನ್ನುವಷ್ಟರಲ್ಲಿ ಸಿಂಹ ಮತ್ತೆ ಮಲಗಿತು. ಇಪ್ಪತ್ತು. ಹದಿನೈದು ಸೆಕೆಂಡಿನ ಸಂಭ್ರಮ ಅಷ್ಟೇ.

ಅತ್ತೆ ನನ್ನತ್ತ ತಿರುಗಿದಳು. "ಅದೇನದು? ನಡುವೆ ಒಂದು ಚೂರು ಜಾಗದಲ್ಲಿ ಬಿಟ್ಟು ಮತ್ತೆ ಹಿಡ್ಕೊಂಡ್ತು? ನಿಮ್ಮ ಗಡಿಗೆ ತೂತಿದೆಯಾ?"

ತೂತು.

ಆ ತೂತು ನನಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಬಿಡಿಸಿದವನು ನಾನೇ.

"ಅತ್ತೆ," ಎಂದೆ, "ಅದು ಮೂಗಿನ ಹೊಳ್ಳೆ."

"ಯಾರ ಹೊಳ್ಳೆ?"

"ನಮ್ಮ ಸೂಪರ್‌ವೈಸರ್‌ದು."

ಎಲ್ಲ ಹೇಳಿದೆ. ನಮ್ಮ ಸೂಪರ್‌ವೈಸರಿಗೆ ಬೆನ್ನ ಹಿಂದೆ ನಾವಿಟ್ಟ ಹೆಸರು ಗಿಣಿ ಸಾರ್. ಬಾಗಿಲಲ್ಲಿ ಮೊದಲು ಮೂಗು ಬರುತ್ತದೆ, ಎರಡು ಕ್ಷಣ ಬಿಟ್ಟು ಅವರು ಬರುತ್ತಾರೆ. ಗಡಿಯನ್ನು ಟ್ಯಾಬಿನ ಮೇಲೆ ಬೆರಳಿನಿಂದಲೇ ಎಳೆಯಬೇಕು. ಬುಧವಾರ ಊಟದ ಹೊತ್ತಿನಲ್ಲಿ ಹುಡುಗರನ್ನು ನಗಿಸಲೆಂದು ನಾನು ಅಂಗಳದ ಬದಲು ಇಡೀ ಊರಿನ ಮ್ಯಾಪಿನ ಮೇಲೆ ಅವರ ಮುಖ ಬಿಡಿಸಿದ್ದೆ. ಪಕ್ಕದಿಂದ ನೋಡಿದ ಹಾಗೆ. ಸರ್ವೀಸ್ ಸೆಂಟರ್ ಕಣ್ಣಿನ ಜಾಗದಲ್ಲಿ. ಅಲ್ಲಿಂದ ಮುಖ್ಯರಸ್ತೆಯನ್ನೇ ಹಿಡಿದುಕೊಂಡು ಮೂಗು. ಎಳೆದೆ, ಎಳೆದೆ, ಹುಡುಗರು ನಕ್ಕಷ್ಟೂ ಎಳೆದೆ. ಆಮೇಲೆ ಸೇವ್ ಮಾಡದೆ ಮುಚ್ಚಿದೆ ಎಂದುಕೊಂಡಿದ್ದೆ. ಸೇವ್ ಆಗಿಬಿಟ್ಟಿತ್ತು. ಬೆಳಿಗ್ಗೆ ನೆಟ್‌ವರ್ಕ್ ಇದ್ದ ಹೊತ್ತಿನಲ್ಲಿ ಈ ಕಾರು ಆ ಮೂಗನ್ನು ನಿಷ್ಠೆಯಿಂದ ನುಂಗಿಕೊಂಡು, ಆಮೇಲೆ ಕಿವಿ ಮುಚ್ಚಿಕೊಂಡಿತ್ತು.

"ಅಂದ್ರೆ ನಾವೀಗ..."

"ಅವರ ಮೂಗಲ್ಲಿದ್ದೀವಿ."

"ಎಷ್ಟು ದೂರ ಇದೆ ಅದು?"

"ಡಿಪೋ ತನಕ."

ಅತ್ತೆ ಬಲಗಾಲಿನಿಂದ, ಇಲ್ಲದ ಬ್ರೇಕನ್ನು ಒಂದು ಸಲ ಒತ್ತಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಷ್ಟರಲ್ಲಿ ಕನ್ನಡಿಯಲ್ಲಿ ಮೂವತ್ತೊಂದನೇ ನಂಬರ್ ಬಸ್ ಕಾಣಿಸಿತು. "ನಿಲ್ಸು!" ಎಂದು ಅತ್ತೆ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೈ ಬೀಸಿದಳು. ಬಸ್ಸಿನ ಬಾಗಿಲವರೆಗೂ ಜನ. ಅದರ ಡ್ರೈವರ್ ಅತ್ತೆಯನ್ನು ಗುರುತಿಸಿದ. ಖುಷಿಯಿಂದ ಎರಡು ಸಲ ಹಾರ್ನ್ ಹೊಡೆದು, ಕೈ ಎತ್ತಿ, ಹೋಗಿಯೇ ಬಿಟ್ಟ. ಬೀಳ್ಕೊಡುಗೆ ಎಂದುಕೊಂಡಿರಬೇಕು.

"ಮುಂದಿನದು ಹದಿನೆಂಟು ನಿಮಿಷಕ್ಕೆ," ಎಂದಳು. "ಹೋಯ್ತು. ಖಾಲಿ ಆಟೋನೂ ಒಂದೂ ಕಾಣ್ತಿಲ್ಲ. ಫೋನ್ ಮಾಡು ನಿನ್ನ ಗಿಣಿಗೆ."

"ಸೀಳಿಬಿಡ್ತಾರೆ ಅತ್ತೆ."

"ಅವರು ಸೀಳ್ದೇ ಇದ್ರೆ ನಾನು ಸೀಳ್ತೀನಿ. ಯಾರು ವಾಸಿ ಅಂತ ಆರಿಸ್ಕೋ."

ಫೋನನ್ನು ಸ್ಪೀಕರಿಗೆ ಹಾಕಿದೆ.

"ಸಾರ್, ಒಂದು ಸಣ್ಣ ಸಮಸ್ಯೆ."

"ನೀನು ಸಣ್ಣದು ಅಂದಾಗಲೇ ನಂಗೆ ಬಿಪಿ ಏರೋದು. ಹೇಳು."

"ಬಿಳೀ ಕಾರು ಆವರಣದ ಗಡಿಯೊಳಗೆ ಸಿಕ್ಕಿಕೊಂಡಿದೆ. ನೆಟ್‌ವರ್ಕ್ ಇಲ್ಲ. ನೀವು ಟ್ಯಾಬಲ್ಲಿ ಗಡಿಯ ಮ್ಯಾಪ್ ತೆರೆದು, ಎಲ್ಲಿಂದ ಆಚೆ ಹೋಗಬಹುದು ಅಂತ ಸ್ವಲ್ಪ ನೋಡಿ ಹೇಳ್ತೀರಾ?"

ಆ ಕಡೆ ಕುರ್ಚಿ ಸರಿದ ಸದ್ದು. ಟ್ಯಾಬ್ ಎತ್ತಿಕೊಂಡ ಸದ್ದು.

"ಏನಯ್ಯಾ ಇದು?"

"ಗಡಿ ಸಾರ್."

"ಗಡಿಗೆ ತುಟಿ ಯಾಕಿದೆ?"

ನಾನು ಸ್ಪೀಕರಿನ ದನಿ ಸಣ್ಣಗೆ ಮಾಡಿದೆ.

"ಗಡಿಗೆ ಗಲ್ಲ ಇದೆ. ಗಡಿಗೆ ಕಿವಿ ಇದೆ, ಕಿವೀಲಿ ಕೂದಲೂ ಇದೆ. ಇವನ್ಯಾರೋ ದಿನಾ ಬೆಳಿಗ್ಗೆ ನನ್ನ ಕನ್ನಡೀಲಿ ಹಲ್ಲುಜ್ಜೋನ ಥರ ಇದ್ದಾನಲ್ಲೋ!"

"ಸಾರ್, ಪ್ರೀತಿಯಿಂದ..."

"ಪ್ರೀತಿ ಹನ್ನೊಂದು ಕಿಲೋಮೀಟರ್ ಉದ್ದ ಇರುತ್ತೇನೋ!"

ಅತ್ತೆ ಫೋನ್ ಕಿತ್ತುಕೊಂಡಳು. "ಸಾರ್, ನಾನು ಇವನ ಅತ್ತೆ. ಬಸ್ ಡ್ರೈವರು. ಇವನ ಚರ್ಮ ಆಮೇಲೆ ಸುಲೀರಿ, ನಾನೇ ಕಾಲು ಹಿಡ್ಕೋತೀನಿ. ಮೂರು ಐವತ್ತಕ್ಕೆ ಡಿಪೋದಲ್ಲಿ ಸಹಿ ಹಾಕದಿದ್ರೆ ನನ್ನ ಕೊನೇ ಟ್ರಿಪ್ ಬೇರೆಯವರ ಪಾಲು. ಈಗ ಮೂರು ಮೂವತ್ತು. ನಿಮ್ಮ ಮೂಗಿಂದ ಆಚೆ ಹೋಗೋ ದಾರಿ ಹೇಳಿ."

ಸಾರ್ ಬೈಗುಳ ಅಲ್ಲಿಗೇ ನಿಂತಿತು.

"ಕೊನೇ ಟ್ರಿಪ್ಪಾ ಅಮ್ಮಾ?"

"ಹೂಂ ಸಾರ್. ನಾಳೆಯಿಂದ ಇಲ್ಲ."

"ಇರಿ." ಗಿಣಿ ಸಾರ್ ದನಿ ಒಮ್ಮೆಲೇ ಕೆಲಸಕ್ಕೆ ಇಳಿಯಿತು. "ಗಡಿ ಅಳಿಸಿದ್ರೂ ಕಾರಿಗೆ ಗೊತ್ತಾಗಲ್ಲ. ಅದಕ್ಕೇ ಅಳಿಸಲ್ಲ, ನೋಡ್ಕೊಂಡು ಹೇಳ್ತೀನಿ. ನೀವು ಮೂಗಿನ ಮಧ್ಯದಲ್ಲೇ ಹೋಗ್ತಿದ್ದೀರಿ. ಮೂಗಿನ ಮೇಲ್ಭಾಗ ಎಡಕ್ಕಿದೆ, ಹತ್ರ. ಈಗೆಲ್ಲಿದ್ದೀರಿ?"

"ಕನ್ನಡಕದಂಗಡಿ ಸ್ಟಾಪ್."

"ಸ್ಟಾಪ್ ಗೊತ್ತಿಲ್ಲಮ್ಮಾ. ರಸ್ತೆ ಹೆಸರು ಹೇಳಿ."

"ರಸ್ತೆ ಹೆಸರು ಯಾರಿಗೆ ಗೊತ್ತು ಸಾರ್! ಮೂವತ್ತೊಂದನೇ ನಂಬರ್ ರೂಟಿನ ಒಂಬತ್ತನೇ ಸ್ಟಾಪು."

ಗಿಣಿ ಸಾರ್ ಹುಡುಗರ ಕಡೆ ತಿರುಗಿ ಕೂಗಿದ್ದು ಕೇಳಿಸಿತು: "ಬಸ್ ರೂಟಿನ ಮ್ಯಾಪ್ ತೆಗೀರೋ! ಊಟದ ಹೊತ್ತಲ್ಲಿ ನಕ್ಕವರೆಲ್ಲ ಬನ್ನಿ ಇಲ್ಲಿ!" ಹತ್ತು ಸೆಕೆಂಡಿನಲ್ಲಿ ಆ ಕಡೆ ಆರು ಜನರ ಉಸಿರು ಕೇಳತೊಡಗಿತು.

"ಸಿಕ್ತು. ಮುಂದೆ ಎಡಕ್ಕೆ ಒಂದು ಸಣ್ಣ ಗಲ್ಲಿ. ನಾನೂರು ಮೀಟರ್ ಹೋದ್ರೆ ಮೂಗಿಂದ ಹೊರಗೆ!"

ನಾನು ಇಂಡಿಕೇಟರ್ ಹಾಕಿದೆ. ಗಲ್ಲಿಯ ಬಾಯಿ ಕಂಡಿತು. ಸ್ಟೀರಿಂಗ್ ತಿರುಗಿಸಬೇಕು, ಅಷ್ಟರಲ್ಲಿ ಅತ್ತೆ ನನ್ನ ತೋಳು ಹಿಡಿದು ಕಿರುಚಿದಳು, "ಬೇಡ! ಬೇಡ! ಅಲ್ಲಿ ತಿರುಗಲ್ಲ! ಹಿಂದಿನ ಚಕ್ರ ಮೂಲೆ ಗೋಡೆಗೆ ಉಜ್ಜುತ್ತೆ!"

ಇಪ್ಪತ್ತಾರು ವರ್ಷದ ದನಿ ಅದು. ನನ್ನ ಕೈ ತಾನಾಗಿಯೇ ನೆಟ್ಟಗಾಯಿತು. ಗಲ್ಲಿ ಹಿಂದೆ ಹೋಯಿತು.

"ಅತ್ತೆ! ಇದು ಕಾರು! ಹನ್ನೆರಡು ಮೀಟರ್ ಬಸ್ಸಲ್ಲ!"

ಅತ್ತೆ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಹಿಂದಿನ ಸೀಟನ್ನು ಒಮ್ಮೆ ತಿರುಗಿ ನೋಡಿದಳು, ಕಾರು ಅಲ್ಲಿಗೇ ಮುಗಿಯುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳುವವಳಂತೆ.

"ಥೂ! ಮರ್ತೇ ಹೋಯ್ತು ಕಣೋ."

"ಗಲ್ಲಿ ತಪ್ತಾ?" ಎಂದರು ಗಿಣಿ ಸಾರ್.

"ತಪ್ತು ಸಾರ್. ತಪ್ಪು ನಂದೇ. ಮುಂದೆ ಹದಿನೇಳನೇ ನಂಬರ್ ಎಡಕ್ಕೆ ತಿರುಗೋ ಜಾಗ ಇದೆ, ಅಚ್ಚುಕೂಟದ ಸ್ಟಾಪ್. ಅಲ್ಲಿ ಹೋದ್ರೆ?"

"ಒಂಬೈನೂರು ಮೀಟರ್ ಮೂಗು ಇದೆ ಆ ಕಡೆ. ಆಮೇಲೆ ಬಯಲು."

"ತಗೋ!" ಎಂದಳು ನನಗೆ. ಅಚ್ಚುಕೂಟದ ತಿರುವಿನಲ್ಲಿ ಅವಳೇ ಬಾಯಲ್ಲಿ ಡ್ರೈವ್ ಮಾಡಿದಳು. "ಹೊರಗೆ ತಗೋ, ಇನ್ನೂ ಹೊರಗೆ, ಈಗ ಕೊಯ್ಯಿ, ಪೂರ್ತಿ ತಿರುಗಿಸು!" ಪುಟ್ಟ ಕಾರನ್ನು ನಾನು ರೈಲಿನಂತೆ ಅಗಲವಾಗಿ ತಿರುಗಿಸಿದ್ದಕ್ಕೆ ಹಿಂದಿನವರೆಲ್ಲ ಹಾರ್ನಿನಲ್ಲಿ ನನ್ನ ವಂಶವನ್ನು ವಿಚಾರಿಸಿಕೊಂಡರು.

ಕಿರಿದಾದ ಬೀದಿ. ಎರಡೂ ಕಡೆ ಕಾಗದದ ಬಂಡಲ್ ಇಳಿಸುತ್ತಿರುವ ವ್ಯಾನುಗಳು. ಇಪ್ಪತ್ತು. ಇಪ್ಪತ್ತು. ಇಪ್ಪತ್ತು. ಗಿಣಿ ಸಾರ್ ಎಣಿಸುತ್ತಿದ್ದರು, "ಐನೂರು ಮೀಟರ್. ಮುನ್ನೂರು. ನೂರು. ಚರ್ಮದ ಹತ್ರ ಬಂದ್ರಿ..."

"ನೀವು ಆವರಣದಿಂದ ಹೊರಬಂದಿದ್ದೀರಿ," ಎಂದಿತು ಜೇನುದನಿ. "ಶುಭ ಪ್ರಯಾಣ."

ಕಾರು ಬಾಣದಂತೆ ಹಾರಿತು. ನಾವಿಬ್ಬರೂ ಒಟ್ಟಿಗೆ ಕಿರುಚಿದೆವು. ಫೋನಿನ ಆ ಕಡೆ ಆರು ಜನ ಕಿರುಚಿದರು. ಯಾರೋ ಮೇಜು ಬಡಿದರು.

ಮೂರು ಮೂವತ್ತೆಂಟು. ಇನ್ನೂ ಏಳು ಕಿಲೋಮೀಟರ್.

ಅದಾದ ಮೇಲಿನ ಹನ್ನೊಂದು ನಿಮಿಷವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಪರದೆ ಬೂದಿಯಾಗಿಯೇ ಇತ್ತು. ಮ್ಯಾಪು ನನ್ನ ಪಕ್ಕದಲ್ಲಿ ಯೂನಿಫಾರ್ಮ್ ಹಾಕಿಕೊಂಡು ಕೂತಿತ್ತು. "ಹದಿನೇಳು ಬಿಡು, ಎಂಟನೇ ನಂಬರ್ ಹಿಡಿ. ಈ ಸಿಗ್ನಲ್ ನಲವತ್ತು ಸೆಕೆಂಡು, ಓಡ್ಬೇಡ, ನಲವತ್ತರಲ್ಲಿ ಹೋಗು, ಹತ್ತಿರ ಹೋಗುವಾಗ ಹಸಿರಾಗುತ್ತೆ." ಹೋದೆ. ಹಸಿರಾಯಿತು! "ಮುಂದಿನದಕ್ಕೆ ಐವತ್ತು." ಹೋದೆ. ಹಸಿರು! ಮೂರನೆಯದು. ಹಸಿರು! ದೀಪಗಳು ಅತ್ತೆಯನ್ನು ನೋಡಿ ಎದ್ದು ನಿಂತು ದಾರಿ ಬಿಡುತ್ತಿದ್ದವು. ಅವಳು ಸ್ಟಾಪಿನ ಹೆಸರು ಕೂಗುತ್ತಿದ್ದಳು, ಗಿಣಿ ಸಾರ್ ಮೂಗಿನ ಅಂಚು ಕಾಯುತ್ತಿದ್ದರು.

"ನೀರಿನ ಟ್ಯಾಂಕ್ ಸ್ಟಾಪ್ ದಾಟಿದ್ವಿ!"

"ಸರಿ. ಬಲಕ್ಕೆ ಮಾತ್ರ ತಿರುಗಬೇಡಿ, ಬಲಕ್ಕೆ ನಾನಿದ್ದೀನಿ!"

"ಹಳೇ ಈಜುಕೊಳ!"

"ಇನ್ನೂರು ಮೀಟರ್ ಅಂತರ ಇದೆ. ನೆಟ್ಟಗೆ ಹೋಗಿ, ನೆಟ್ಟಗೆ! ಮೂಗಿನ ತುದಿ ಬಂತು... ದಾಟಿದ್ರಿ! ಮೂಗು ಮುಗೀತು ಅಮ್ಮಾ! ಈಗ ಬಲಕ್ಕೆ ತಿರುಗಿ, ಡಿಪೋ ಎದುರಿಗೇ!"

ಬಲಕ್ಕೆ ತಿರುಗಿದೆ. ದೂರದಲ್ಲಿ ಡಿಪೋದ ತಗಡಿನ ಮಾಡು ಕಂಡಿತು. ಮೂರು ನಲವತ್ತೊಂಬತ್ತು. ಅತ್ತೆ ಬೆಲ್ಟಿನ ಗುಂಡಿಯ ಮೇಲೆ ಬೆರಳಿಟ್ಟಳು. ನಾನು ಎದೆಯುಬ್ಬಿಸಿ, "ಕೆಲವರು ಸಮಯಕ್ಕೆ ಬರ್ತಾರೆ ಅತ್ತೆ, ನಾವು ಬಂದಾಗ್ಲೇ ಸಮಯ..." ಎಂದೆ.

ಕಾರು ಉಸ್ಸೆಂದು ಇಪ್ಪತ್ತಕ್ಕೆ ಇಳಿಯಿತು.

"ನೀವು ಆವರಣದೊಳಗಿದ್ದೀರಿ."

"ಮತ್ತೇನೋ ಇದು!" ಅತ್ತೆಯ ದನಿ ಒಡೆಯಿತು.

ಫೋನಿನಲ್ಲಿ ಗಿಣಿ ಸಾರ್ ನಿಧಾನಕ್ಕೆ ಕೇಳಿದರು, "ತುದಿಯಾಚೆ ಗುಂಡಗೆ ಬಟಾಣಿ ಥರ ಏನೋ ಇದೆ. ಕೊಳೆ ಅಂದ್ಕೊಂಡು ಪರದೆ ಒರೆಸಿದೆ, ಹೋಗ್ಲಿಲ್ಲ. ಏನದು?"

"ಮಚ್ಚೆ ಸಾರ್," ಎಂದೆ. "ನಿಮ್ಮ ಮೂಗಿನ ಮೇಲಿರೋದು. ಕೊನೇಲಿ ಇಟ್ಟೆ."

ಯಾರೂ ಬೈಯಲಿಲ್ಲ. ಬೈಯಲು ಹೊತ್ತಿರಲಿಲ್ಲ. ಏಳುನೂರು ಮೀಟರ್. ಇಳಿದು ಓಡಿದರೆ ಇನ್ನೂ ತಡ. ಮಾಡಲು ಏನೂ ಇಲ್ಲದೆ ಸುಮ್ಮನೆ ಕೂತಿರಬೇಕು, ಅಷ್ಟೇ. ಎರಡು ನಿಮಿಷ ಕೂತೆವು. ಬೇಲಿ, ಲೈಟುಕಂಬ, ಬೇಲಿ, ಲೈಟುಕಂಬ. ಅತ್ತೆ ಮುಂದಕ್ಕೆ ಬಾಗಿ ಡ್ಯಾಶ್‌ಬೋರ್ಡಿನ ಮೇಲೆ ಎರಡೂ ಕೈ ಒತ್ತಿ ತಳ್ಳುತ್ತಿದ್ದಳು. ನನ್ನ ಬಾಯಿಂದ ಒಂದು ಡೈಲಾಗೂ ಬರಲಿಲ್ಲ.

ಗೇಟಿನ ಪಕ್ಕ ಕಾರು ನಿಲ್ಲಿಸುವ ಮುಂಚೆಯೇ ಅತ್ತೆ ಇಳಿದು ಓಡಿದ್ದಳು. ಒಂದು ಕೈಯಲ್ಲಿ ಟೋಪಿ. ಸಾಲಾಗಿ ನಿಂತ ಬಸ್ಸುಗಳ ನಡುವೆ ಪಾಲಿಶ್ ಹೊಡೆದ ಶೂ ಟಕಟಕ ಸದ್ದು ಮಾಡುತ್ತಿತ್ತು. ನಾನು ಫೋನ್ ಜೇಬಿಗೆ ಹಾಕಿಕೊಂಡು ಹಿಂದೆ.

ಡ್ಯೂಟಿ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಹಿಂದೆ ಗುಮಾಸ್ತ, ಮುಂದೆ ಮೀಸಲು ಡ್ರೈವರ್. ಗುಮಾಸ್ತನ ಕೈಯಲ್ಲಿ ಬಸ್ಸಿನ ಕೀ. ಮೀಸಲು ಡ್ರೈವರ್ ಕೈ ಚಾಚಿದ್ದ. ಕೀ ಗಾಳಿಯಲ್ಲೇ ನಿಂತಿತು.

"ಮೇಡಂ." ಗುಮಾಸ್ತ ಗೋಡೆಯ ಗಡಿಯಾರ ನೋಡಿದ, ಅತ್ತೆಯನ್ನು ನೋಡಿ, ಮತ್ತೆ ಗಡಿಯಾರ ನೋಡಿದ. "ಮೂರು ಐವತ್ತೆರಡು. ನಿಮಗೆ ತಡಾನಾ? ಅದೂ ಇವತ್ತಾ?"

ಅತ್ತೆಗೆ ಉಸಿರು ಸಿಗುತ್ತಿರಲಿಲ್ಲ. "ನಿಯಮ ನಿಯಮಾನೇ," ಎಂದಳು. "ಅವರಿಗೇ ಕೊಡಿ. ನಾನು... ಒಂದು ಸಲ ಬಸ್ ನೋಡ್ಕೊಂಡು ಹೋಗ್ತೀನಿ."

"ಇರಿ ಮೇಡಂ. ಕಾರಣ ಬರೀಬಹುದಲ್ಲ."

"ಎಲ್ಲಿ?"

ಅವನು ರಿಜಿಸ್ಟರ್ ತಿರುಗಿಸಿ ಕೊನೆಯ ಅಂಕಣ ತೋರಿಸಿದ. 'ತಡಕ್ಕೆ ಕಾರಣ.' ಅತ್ತೆ ಬಗ್ಗಿ ಓದಿದಳು.

"ಇದೊಂದು ಇದೆಯಾ?"

"ಮೊದಲಿಂದಲೂ ಇದೆ ಮೇಡಂ. ನಿಮಗೆ ಬೇಕಾಗಿರ್ಲಿಲ್ಲ. ಐದು ನಿಮಿಷದೊಳಗೆ ಬಂದು, ಕಾರಣ ನನಗೆ ಸರಿ ಅನ್ಸಿದ್ರೆ ಕೀ ನಿಮ್ದೇ. ಟ್ರಾಫಿಕ್ ಅಂತ ಬರೆದ್ರೆ ಮಾತ್ರ ಒಪ್ಪಲ್ಲ. ಟ್ರಾಫಿಕ್ಕೇ ನಮ್ಮ ಕೆಲಸ."

ನನ್ನ ತಲೆಯಲ್ಲಿ ಆಗಲೇ ಸ್ಕ್ರಿಪ್ಟ್ ತಯಾರಾಗಿತ್ತು. ದಾರಿಯಲ್ಲಿ ಬಿದ್ದ ಮಗು, ಆಸ್ಪತ್ರೆ, ರಕ್ತ, ತಾಯಿಯ ಕಣ್ಣೀರು. ಬಾಯಿ ತೆರೆದೆ. ಅತ್ತೆ ಪೆನ್ನನ್ನು ನನ್ನ ಕೈಗೆ ಕೊಟ್ಟಳು.

"ನೀನು ಬರಿ. ನಿಜ ಬರಿ."

"ಅತ್ತೆ, ನಿಜ ಬರೆದ್ರೆ ಯಾರೂ ನಂಬಲ್ಲ."

"ಇಪ್ಪತ್ತಾರು ವರ್ಷ ಈ ಪುಸ್ತಕದಲ್ಲಿ ನಾನು ಸುಳ್ಳು ಬರ್ಸಿಲ್ಲ. ಬರಿ."

ಬರೆದೆ. ನನ್ನ ಜನ್ಮದಲ್ಲಿ ಅಷ್ಟು ದುಂಡಗೆ ಅಕ್ಷರ ಬರೆದಿರಲಿಲ್ಲ. ಗುಮಾಸ್ತ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದ:

"'ಕಾರು ಮೂಗಿನೊಳಗೆ ಸಿಕ್ಕಿಕೊಂಡಿತ್ತು.'"

ಬಾಗಿಲ ಬಳಿ ಟೀ ಕುಡಿಯುತ್ತಿದ್ದ ಇಬ್ಬರು ಡ್ರೈವರುಗಳು ಲೋಟ ಕೆಳಗಿಟ್ಟರು. ಗುಮಾಸ್ತನ ಮುಖ ಕೆಂಪಾಗತೊಡಗಿತು. "ಏನಪ್ಪಾ, ತಮಾಷೆ ಮಾಡ್ತಿದ್ದೀಯಾ?"

ಆಗ ನನ್ನ ಅಂಗಿಯ ಜೇಬು ಮಾತಾಡಿತು. ಫೋನ್ ಇನ್ನೂ ಕಟ್ಟಾಗಿರಲಿಲ್ಲ.

"ತಮಾಷೆ ಅಲ್ಲ ಸಾರ್," ಎಂದರು ಗಿಣಿ ಸಾರ್. "ಮೂಗು ನಂದು."

ಫೋನ್ ಹೊರಗೆ ತೆಗೆದೆ. ಅವರು ಗಡಿಯ ಚಿತ್ರ ಕಳಿಸಿದ್ದರು. ಜೊತೆಗೆ, ಯಾರೂ ಕೇಳದಿದ್ದರೂ, ಸಾಕ್ಷಿಗೆಂದು ಪಕ್ಕಕ್ಕೆ ತಿರುಗಿ ತೆಗೆಸಿಕೊಂಡ ತಮ್ಮದೇ ಫೋಟೋ. ಗುಮಾಸ್ತ ಚಿತ್ರ ನೋಡಿದ. ಫೋಟೋ ನೋಡಿದ. ಮತ್ತೆ ಚಿತ್ರ ನೋಡಿದ. ಅವನ ಮೀಸೆ ಮೊದಲು ನಡುಗಿತು, ಆಮೇಲೆ ಭುಜ, ಆಮೇಲೆ ಮೇಜು. ಟೀ ಕುಡಿಯುತ್ತಿದ್ದವರು ಬಂದು ಅವನ ಹೆಗಲ ಮೇಲಿಂದ ಬಗ್ಗಿದರು. ಮೀಸಲು ಡ್ರೈವರ್ ಗೋಡೆ ಹಿಡಿದುಕೊಂಡು ಕುಸಿದ.

"ಮಚ್ಚೆ ಕೂಡ ಸರಿಯಾದ ಜಾಗದಲ್ಲೇ ಇದೆ," ಎಂದ ಗುಮಾಸ್ತ, ಕಣ್ಣು ಒರೆಸಿಕೊಳ್ಳುತ್ತ. ಸೀಲು ಎತ್ತಿ ಠಪ್ಪೆಂದು ಒತ್ತಿದ. ಕೀ ಅತ್ತೆಯ ಅಂಗೈಗೆ ಬಿತ್ತು.

ಅತ್ತೆ ನಗಲಿಲ್ಲ. ರಿಜಿಸ್ಟರಿನ ಆ ಸಾಲನ್ನು ನೋಡುತ್ತ ನಿಂತಳು. ಅವಳ ಹೆಸರಿನ ಮುಂದೆ ಕೆಂಪು ಸೀಲು.

"ಇಪ್ಪತ್ತಾರು ವರ್ಷ ಖಾಲಿ ಇತ್ತು ಕಣೋ ಇದು," ಎಂದಳು ಮೆಲ್ಲಗೆ.

"ಸಾರಿ ಅತ್ತೆ." ಅಷ್ಟೇ ಬಂತು. ಅದಕ್ಕಿಂತ ದೊಡ್ಡ ಮಾತು ನನ್ನ ಹತ್ತಿರ ಇರಲಿಲ್ಲ.

ಅವಳು ನನ್ನ ಕಿವಿ ಹಿಡಿದು ಒಂದು ಸುತ್ತು ತಿರುಗಿಸಿದಳು, ಕಣ್ಣಲ್ಲಿ ನೀರು ಬರುವಷ್ಟು. "ಬಾ, ಕನ್ನಡಿ ಒರೆಸು. ಹೊತ್ತಾಯ್ತು."

ಒರೆಸಿದೆ. ಮೂರೂ ಕನ್ನಡಿ, ಮುಂದಿನ ಗಾಜು, ಬಾಗಿಲ ಗಾಜು. ಗಿಣಿ ಸಾರ್‌ಗೆ ಕಾರಿನ ಬಗ್ಗೆ ಕೇಳಿದೆ.

"ಅಲ್ಲೇ ಬಿಡು," ಎಂದರು. "ಟೋಯಿಂಗ್ ವ್ಯಾನಲ್ಲಿ ನಾನೇ ಬರ್ತೀನಿ. ನೀನು ಮುಟ್ಟಬೇಡ. ಮತ್ತೆ ನಾಳೆ ಎಂಟು ಗಂಟೆಗೆ ನನ್ನ ಮುಂದೆ ನಿಂತಿರಬೇಕು."

"ಸಾರ್, ಕೆಲಸ ಇರುತ್ತಾ?"

"ಇರುತ್ತೆ. ಮ್ಯಾಪಲ್ಲಿರೋ ಗಡಿಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡೋ ಕೆಲಸ. ಮುನ್ನೂರ ಹನ್ನೆರಡು ಇವೆ. ಇನ್ನೂ ಯಾರ್ಯಾರ ಮುಖ ಬಿಡಿಸಿದ್ದೀಯೋ ಯಾರಿಗ್ಗೊತ್ತು."

ನಾಲ್ಕು ಹತ್ತಕ್ಕೆ ಬಸ್ಸಿನ ಬಾಗಿಲು ಉಸ್ಸೆಂದು ಮುಚ್ಚಿತು. ಅತ್ತೆ ಕೈ ಜೋಡಿಸಲಿಲ್ಲ, ಕಣ್ಣು ಮುಚ್ಚಲಿಲ್ಲ. ಕನ್ನಡಿ ನೋಡಿದಳು, ಗೇರ್ ಹಾಕಿದಳು, ಹೊರಟಳು. ಗೇಟಿನ ತಿರುವಿನಲ್ಲಿ ಹನ್ನೆರಡು ಮೀಟರ್ ಬಸ್ಸನ್ನು ಹೊರಗೆ ತಗೊಂಡು, ಇನ್ನೂ ಹೊರಗೆ ತಗೊಂಡು, ಹಿಂದಿನ ಚಕ್ರ ಮೂಲೆಯ ಕಲ್ಲಿಗೆ ಒಂದು ಬೆರಳು ಬಿಟ್ಟು ಹೋಗುವಂತೆ ಕೊಯ್ದಳು. ಮುಖ್ಯರಸ್ತೆಗೆ ಬಂದದ್ದೇ ಇಂಜಿನ್ ಗರ್ಜಿಸಿತು. ಮೂವತ್ತು. ನಲವತ್ತು. ಐವತ್ತು!

ನನ್ನ ಮೈಯೆಲ್ಲ ರೋಮಾಂಚನ. ನಾನು ಅವಳ ಸೀಟಿನ ಹಿಂದಿನ ಕಂಬ ಹಿಡಿದು ನಿಂತು, ಗಂಟಲು ಸರಿಮಾಡಿಕೊಂಡು, "ಅತ್ತೆ! ಈ ರಸ್ತೆಗೆ ಇವತ್ತು ಗೊತ್ತಾಯ್ತು..." ಎಂದು ಶುರುಮಾಡಿದೆ.

ಅತ್ತೆ ರಸ್ತೆಯಿಂದ ಕಣ್ಣು ತೆಗೆಯದೆ, ತಲೆಯ ಮೇಲಿದ್ದ ಫಲಕದತ್ತ ಒಂದು ಬೆರಳು ತೋರಿಸಿದಳು. ವಾಹನ ಚಲಿಸುವಾಗ ಚಾಲಕರೊಂದಿಗೆ ಮಾತನಾಡಬಾರದು.

"ಓದಿದ್ಯಾ? ಹಿಂದಕ್ಕೆ ಹೋಗು. ಹಿಡ್ಕೊಂಡು ನಿಂತ್ಕೋ."

ಹಿಂದಕ್ಕೆ ಹೋದೆ. ಕೊನೆಯ ಸೀಟಿನಲ್ಲಿ ಮಂಡಿಯೂರಿ, ಕಿಟಕಿ ತೆರೆದು, ತಲೆ ಹೊರಗೆ ಹಾಕಿ, ದಾರಿಯಲ್ಲಿ ಸಿಕ್ಕವರಿಗೆಲ್ಲ ಕೇಳುವಂತೆ ಕೂಗಿದೆ: "ನಮ್ಮತ್ತೆ! ಓಡಿಸ್ತಿರೋದು ನಮ್ಮತ್ತೆ!"

"ತಲೆ ಒಳಗೆ!" ಎಂದು ಮುಂದಿನಿಂದ ಗುಡುಗಿದಳು. ಆದರೂ ಮುಂದಿನ ಸ್ಟಾಪ್ ಬರುವವರೆಗೂ ಹಾರ್ನ್ ಮಾತ್ರ ನಿಲ್ಲಿಸಲಿಲ್ಲ.